ಜಗಲಿಯಿಂದ ವೇದಿಕೆಗೆ

ನಾನು ಹುಟ್ಟಿ ಬೆಳೆದ ಊರು ಹರದನಹಳ್ಳಿ. ಚಾಮರಾಜನಗರಕ್ಕೆ ಸಮೀಪದ ಈ ಊರು ದಿವ್ಯಲಿಂಗೇಶ್ವರನ ಪುರಾತನ ದೇವಾಲಯಕ್ಕೆ ಹೆಸರಾದದ್ದು. ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರೂ ಇದೇ ಎಂದು ಪ್ರತೀತಿ. ಹುಡುಗರಾಗಿದ್ದ ನಮಗೆ ಇದಾವುದರ ಅರಿವೂ ಇರಲಿಲ್ಲ. ಸೋಮವಾರದ ಬೆಳಗಿನಲ್ಲಿ ಬೀದಿಯ ತುದಿಯಿಂದ ಕಂಸಾಳೆಯ ಸದ್ದು ಕೇಳಿಬಂದಿತೆಂದರೆ, ಕೈಯಲ್ಲಿದ್ದ ಸ್ಲೇಟನ್ನು ಅಲ್ಲೇ ಬಿಟ್ಟು ಜಗಲಿಗೆ ಓಡುವುದಷ್ಟೇ ನಮಗೆ ಗೊತ್ತಿತ್ತು. ಗುಡ್ಡಪ್ಪ ಬಂದಿರುತ್ತಿದ್ದ. ಕೊರಳಲ್ಲಿ ರುದ್ರಾಕ್ಷಿ, ಹಣೆಯ ತುಂಬ ವಿಭೂತಿ, ಹೆಗಲಲ್ಲಿ ಜೋಳಿಗೆ, ಎರಡು ಕೈಗಳಲ್ಲಿ ಕಂಚಿನ ಕಂಸಾಳೆ. ನಮ್ಮ ಅವ್ವ ಮೊರದಲ್ಲಿ ರಾಗಿ ಹಿಡಿದು ಹೊರಗೆ ಬರುವವರೆಗೆ ಆತ ಹಾಡುತ್ತಿದ್ದ. ಅವ್ವ ಬೇಕೆಂದೇ ತಡಮಾಡುತ್ತಿದ್ದಳೆಂಬ ಗುಮಾನಿ ನನಗೆ ಈಗಲೂ ಉಂಟು.

ಕಂಸಾಳೆಯನ್ನು ಕಾಣದ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು ಹೇಳಬೇಕು. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನಂತಹ ಒಂದು ತಾಳ; ಬಲಗೈಯಲ್ಲಿರುವುದು ತಟ್ಟೆಯಂತೆ ಅಗಲವಾಗಿದ್ದು, ನಡುವೆ ದಾರವನ್ನೂ ಗೊಂಡೆಯನ್ನೂ ಕಟ್ಟಿದ ಇನ್ನೊಂದು. ಕುಳಿತು ಕಥೆ ಹಾಡುವಾಗ ಇವೆರಡೂ ಮೆಲ್ಲನೆ ಮಾತಾಡಿಕೊಳ್ಳುತ್ತವೆ. ಎದ್ದು ನಿಂತು ಕುಣಿಯುವಾಗ ಬಲಗೈಯ ತಾಳ ಗಾಳಿಯಲ್ಲಿ ಸುತ್ತಿ, ಬೆನ್ನ ಹಿಂದೆ ಹೋಗಿ, ಪಕ್ಕದವನ ಬಟ್ಟಲಿಗೂ ಒಂದು ಪೆಟ್ಟು ಕೊಟ್ಟು, ತನ್ನ ಬಟ್ಟಲಿಗೆ ಹಿಂತಿರುಗುತ್ತದೆ. ಇದಕ್ಕೆ ಬೀಸುಕಂಸಾಳೆ ಎಂದು ಹೆಸರು. ಲಯ ಒಂದು ಕೂದಲೆಳೆಯಷ್ಟು ತಪ್ಪಿದರೂ ಹಲ್ಲು ಹೋದೀತು.

ಇದನ್ನು ಹಿಡಿಯುವ ಅಧಿಕಾರ ಒಂದು ಕಾಲದಲ್ಲಿ ಎಲ್ಲರಿಗೂ ಇರಲಿಲ್ಲ. ಮಲೆಯ ಮಾದೇಶ್ವರನಿಗೆ ನಡೆದುಕೊಳ್ಳುವ ಒಕ್ಕಲುಗಳು, ಮಕ್ಕಳಿಲ್ಲದೆಯೋ ಕಾಯಿಲೆಯಾಗಿಯೋ ಕಷ್ಟ ಬಂದಾಗ, ಮನೆಯ ಒಬ್ಬ ಮಗನನ್ನು ಮಾದಪ್ಪನ ಗುಡ್ಡನನ್ನಾಗಿ ಮಾಡುತ್ತೇವೆಂದು ಹರಕೆ ಹೊರುತ್ತಿದ್ದರು. ಆ ಹುಡುಗ ಗುರುವಿನಿಂದ ದೀಕ್ಷೆ ಪಡೆದು, ಹಿರಿಯ ಗುಡ್ಡರ ಬೆನ್ನು ಹತ್ತಿ, ಅವರು ಹಾಡಿದ್ದಕ್ಕೆ ದನಿಗೂಡಿಸುತ್ತ ಕಥೆಯನ್ನು ಕಲಿಯುತ್ತಿದ್ದ. ಹಾಡುವುದು ಅವನ ವೃತ್ತಿಯೂ ಹೌದು, ವ್ರತವೂ ಹೌದು. ಭಿಕ್ಷೆ ಬೇಡುವುದು ಬಡತನದ ಗುರುತಲ್ಲ, ದೀಕ್ಷೆಯ ನಿಯಮ. ಗುಡ್ಡನಾದವನು ಮನೆಯಲ್ಲಿ ಎಷ್ಟೇ ಅನುಕೂಲವಿದ್ದರೂ ಮನೆಮನೆಯ ಬಾಗಿಲಲ್ಲಿ ನಿಂತು ಹಾಡಲೇಬೇಕು. ಬಡಗಣದಲ್ಲಿ ಎಲ್ಲಮ್ಮನ ಚೌಡಿಕೆಯವರನ್ನು ಬಲ್ಲ ವಿದ್ಯಾರ್ಥಿಗಳಿಗೂ, ನಮ್ಮ ಸೀಮೆಯಲ್ಲೇ ಮಂಟೇಸ್ವಾಮಿಯ ಕಥೆಯನ್ನು ತಂಬೂರಿಗೆ ಹಾಡುವ ನೀಲಗಾರರನ್ನು ಕಂಡವರಿಗೂ ಈ ಮಾತು ಸುಲಭವಾಗಿ ತಿಳಿದೀತು.

ಇನ್ನು ಆ ಕಥೆ. ಅದು ಒಂದು ಹಾಡಲ್ಲ, ಹಾಡುಗಳ ಒಂದು ನದಿ. ಅದರ ಭಾಗಗಳಿಗೆ ಸಾಲುಗಳೆಂದು ಹೆಸರು: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲೂ ಒಂದು ರಾತ್ರಿಯನ್ನು ಬೇಡುತ್ತದೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನನ್ನು ಮಾದೇಶ್ವರ ಉಪಾಯದಿಂದ ಕೊಲ್ಲುವುದು, ಸುತ್ತೂರಿನ ಮಠದಲ್ಲಿ ರಾಗಿ ಬೀಸುವುದು, ಹುಲಿಯನ್ನೇರಿ ಎಪ್ಪತ್ತೇಳು ಮಲೆಗಳಿಗೆ ಒಡೆಯನಾಗುವುದು ಇವೆಲ್ಲ ಅಲ್ಲಿ ಬರುತ್ತವೆ. ಆದರೂ ನನ್ನ ಎಣಿಕೆಯಲ್ಲಿ ಈ ಕಥೆಯ ಜೀವ ಇರುವುದು ದೇವರ ಪವಾಡಗಳಲ್ಲಿ ಅಲ್ಲ; ಅವನೆದುರಿಗೆ ಬಂದು ನಿಲ್ಲುವ ಮನುಷ್ಯರಲ್ಲಿ. ಕೈಯೆತ್ತಿ ಭಿಕ್ಷೆ ನೀಡಲಾರದ ಕಾಳಮ್ಮನ ಜಿಪುಣತನವನ್ನು ಗುಡ್ಡಪ್ಪ ಹಾಡುವಾಗ, ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ದಿನ ಜೋಳಿಗೆಗೆ ಬೀಳುತ್ತಿದ್ದ ರಾಗಿ ಸ್ವಲ್ಪ ಹೆಚ್ಚೇ.

ನಾನು ಕಾಲೇಜಿಗೆ ಹೋಗಿ ಕನ್ನಡ ಎಂ.ಎ. ಓದುವ ಕಾಲಕ್ಕೆ ಗುಡ್ಡಪ್ಪನ ಹಾಡಿಗೆ ಬೇರೊಂದು ಹೆಸರು ಬಂದಿತ್ತು: ಜಾನಪದ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಗೊಂಡಿತು. ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ಹಾಡುಗಳನ್ನು ಬರೆದುಕೊಂಡರು, ಮುಂದೆ ಧ್ವನಿಮುದ್ರಿಸಿಕೊಂಡರು. ಡಾ. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿಯ ಜಾನಪದ ಲೋಕ ಅವರ ಶ್ರಮದ ಫಲ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಆ ಪುಸ್ತಕದಲ್ಲಿ ಹಾಡಿದವರ ಹೆಸರನ್ನೂ ಕಾಣಿಸಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು. ಎಷ್ಟೋ ಸಂಗ್ರಹಗಳಲ್ಲಿ ಹಾಡಿದವರು ಹೆಸರಿಲ್ಲದೆ ಹೋಗಿದ್ದಾರೆ.

ಪುಸ್ತಕಕ್ಕೆ ಬಂದ ಕಲೆ ವೇದಿಕೆಗೂ ಬಂತು. ಮೈಸೂರಿನ ಕಂಸಾಳೆ ಮಹದೇವಯ್ಯನವರಂತಹ ಕಲಾವಿದರು ಬೀಸುಕಂಸಾಳೆಯನ್ನು ರಂಗಕ್ಕೆ ಒಗ್ಗಿಸಿ, ದೀಕ್ಷೆಯ ಹಂಗಿಲ್ಲದ ತರುಣರಿಗೂ ಕಲಿಸಿದರು. ದಸರಾ ಮೆರವಣಿಗೆಯಲ್ಲಿ ಕಂಸಾಳೆಯ ತಂಡಗಳು ನಡೆದವು. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಮಾದಪ್ಪನ ಕಥೆಗಳು ಕ್ಯಾಸೆಟ್ಟುಗಳಾಗಿ ನಮ್ಮ ಕಡೆಯ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಮೊಳಗಿದವು. 1996ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಿತ್ರದಿಂದಾಗಿ ಕೋಲುಮಂಡೆ ಜಂಗಮನ ಹಾಡು ಬೀದರಿನವರೆಗೂ ಹೋಯಿತು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು. ಇಂದು ಶಾಲಾ ಕಾಲೇಜುಗಳ ಹೆಣ್ಣುಮಕ್ಕಳೂ ಕಂಸಾಳೆ ಹಿಡಿದು ಕುಣಿಯುತ್ತಾರೆ. ನಮ್ಮ ಅವ್ವನ ಕಾಲದಲ್ಲಿ ಇದನ್ನು ಯಾರೂ ಊಹಿಸಲಾರರು.

ಹೀಗೆ, ವ್ರತಕ್ಕಾಗಿ ಹಾಡುತ್ತಿದ್ದ ಗುಡ್ಡಪ್ಪ ಐವತ್ತು ವರ್ಷಗಳೊಳಗೆ ಜಾನಪದ ಕಲಾವಿದನಾದ. ಇದು ಏಳಿಗೆಯೋ ಇಳಿತವೋ? ಕೆಲವರು ಕಲೆ ಉಳಿಯಿತೆಂದು ಹಿಗ್ಗುತ್ತಾರೆ, ಕೆಲವರು ಕಲೆ ಕೆಟ್ಟಿತೆಂದು ಮರುಗುತ್ತಾರೆ. ನಾನು ಎರಡು ಗುಂಪಿನಲ್ಲಿಯೂ ಇದ್ದು ಬಂದವನು. ನನ್ನ ಅಭಿಪ್ರಾಯ ಬದಲಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

1988ರಲ್ಲಿ ನಾನು ಉಪಾಧ್ಯಾಯನಾಗಿದ್ದ ಶಾಲೆಯ ವಾರ್ಷಿಕೋತ್ಸವ. ಮಕ್ಕಳು ಸಿನಿಮಾ ಹಾಡುಗಳಿಗೆ ಕುಣಿಯುವುದರ ಮೇಲೆ ನನಗೆ ಮುನಿಸಿತ್ತು. ನಮ್ಮ ನೆಲದ ಕಲೆಯನ್ನು ಅವರಿಗೆ ತೋರಿಸಬೇಕೆಂದು ಹಟಹಿಡಿದು, ಪಕ್ಕದ ಊರಿನ ವೃದ್ಧ ಗುಡ್ಡಪ್ಪನೊಬ್ಬನನ್ನು ಕರೆಸಿದೆ. ಆತನೊಡನೆ ಇಬ್ಬರು ಬಂದಿದ್ದರು. ಒಬ್ಬ ಆತನ ವಯಸ್ಸಿನವನೇ. ಇನ್ನೊಬ್ಬ ಆತನ ಮೊಮ್ಮಗ, ಮೋಟಾರು ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹುಡುಗ ಷರಾಯಿ ತೊಟ್ಟಿದ್ದ. ಮುಂಗೈಯಲ್ಲಿ ಹೊಸದೊಂದು ಗಡಿಯಾರ ಹೊಳೆಯುತ್ತಿತ್ತು. ನಾನು ಅವನನ್ನು ಬದಿಗೆ ಕರೆದು, “ಇದೆಲ್ಲ ಬೇಡಪ್ಪ, ಪಂಚೆ ಉಟ್ಟುಕೋ, ವಾಚು ತೆಗೆದಿಡು. ಹಳ್ಳಿಯವರಂತೆ ಕಾಣಬೇಕು” ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿದ. ಅವನು ಹಳ್ಳಿಯವನೇ. ಹಳ್ಳಿಯಲ್ಲಿಯೇ ಇದ್ದು, ಹಳ್ಳಿಯಲ್ಲಿಯೇ ಷರಾಯಿ ತೊಟ್ಟು, ಅದೇ ಗಡಿಯಾರ ನೋಡಿಕೊಂಡು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದವನು. ಆದರೂ ಮಾತಾಡದೆ ವಾಚನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಜೇಬಿಗೆ ಹಾಕಿಕೊಂಡೆ.

ಕಾರ್ಯಕ್ರಮ ಪಟ್ಟಿಯಲ್ಲಿ ನಾನು ಬರೆದದ್ದು ‘ಜಾನಪದ ನೃತ್ಯ, ಹತ್ತು ನಿಮಿಷ’ ಎಂದು. ಗುಡ್ಡಪ್ಪನಿಗೆ ನೃತ್ಯ ಎಂದರೆ ಏನೆಂದು ತಿಳಿಯಲಿಲ್ಲವೋ, ತಿಳಿದೂ ಬಿಟ್ಟನೋ, ವೇದಿಕೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತು ಸಂಕಮ್ಮನ ಸಾಲನ್ನು ಎತ್ತಿಕೊಂಡ. ಮೊದಲು ಗುರುವಿನ ನೆನಹು, ಮಾದಪ್ಪನ ನೆನಹು, ಕುಳಿತವರಿಗೆ ಒಳ್ಳೆಯದಾಗಲೆಂಬ ಹಾರೈಕೆ. ಅಷ್ಟರಲ್ಲೇ ನಾಲ್ಕು ನಿಮಿಷ ಕಳೆಯಿತು. ಮುಂದಿನ ಸಾಲಿನ ಮಕ್ಕಳು ಪಿಸುಗುಟ್ಟತೊಡಗಿದರು. ಅನಂತರ ಕಥೆ ಹೊರಟಿತು. ಸಂಕಮ್ಮನ ಗಂಡ ನೀಲೇಗೌಡ ಜೇನಿಗಾಗಿ ಕಾಡಿಗೆ ಹೊರಡುತ್ತಾನೆ; ತಾನಿಲ್ಲದಾಗ ನಡತೆಗೆಡುವುದಿಲ್ಲವೆಂದು ಆಣೆಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಮನಸ್ಸಿನಲ್ಲಿ ಕೇಡಿಲ್ಲದವಳು ಆಣೆ ಏಕಿಡಬೇಕು? ಸಂಕಮ್ಮ ಒಲ್ಲೆನೆನ್ನುತ್ತಾಳೆ. ಅವನು ಹಿಂಸಿಸುತ್ತಾನೆ, ಅವಳು ಮಣಿಯುವುದಿಲ್ಲ. ಕಡೆಗೆ ಅವಳನ್ನು ಗುಡಿಸಲಿನಲ್ಲಿ ಕೂಡಿಹಾಕಿ, ಮಾಟದ ಕಟ್ಟು ಹಾಕಿ, ಕಾಡಿಗೆ ಹೊರಟುಹೋಗುತ್ತಾನೆ. ಪಿಸುಮಾತು ಯಾವಾಗಲೋ ನಿಂತಿತ್ತು. ಹೆಣ್ಣುಮಕ್ಕಳ ಕಡೆಯಿಂದ ಉಸಿರೂ ಕೇಳುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಹನ್ನೆರಡು ನಿಮಿಷವಾಗಿತ್ತು. ಮುಖ್ಯ ಅತಿಥಿಗಳು ಬೇರೊಂದು ಸಭೆಗೆ ಹೋಗಬೇಕಾಗಿತ್ತು. ನಾನು ಪಕ್ಕದಲ್ಲಿ ನಿಂತು, ಜೇಬಿನಿಂದ ಗಡಿಯಾರ ತೆಗೆದು, ಗುಡ್ಡಪ್ಪನಿಗೆ ಕಾಣುವಂತೆ ಎತ್ತಿ ತೋರಿಸಿದೆ. ಅದು ಆ ಹುಡುಗನ ಗಡಿಯಾರವೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಗುಡ್ಡಪ್ಪ ಒಂದು ಕ್ಷಣ ನನ್ನನ್ನು ನೋಡಿ, ಬಟ್ಟಲಿಗೆ ತಾಳವನ್ನು ಇಟ್ಟು, ಎದ್ದು ಕೈಮುಗಿದ. ಆಮೇಲೆ ಮೂವರೂ ಎರಡು ನಿಮಿಷ ಬೀಸುಕಂಸಾಳೆ ಕುಣಿದರು. ಜೋರು ಚಪ್ಪಾಳೆ. ಅತಿಥಿಗಳು ಬಹಳ ಸೊಗಸಾಯಿತೆಂದು ನನ್ನ ಕೈಕುಲುಕಿದರು.

ಬಹಳ ವರ್ಷಗಳ ಮೇಲೆ ಅಮೆರಿಕದ ಗಾಯಕನೊಬ್ಬನ ಜೀವನ ವೃತ್ತಾಂತವನ್ನು ಓದುತ್ತಿದ್ದಾಗ ಆ ಗಡಿಯಾರ ನನ್ನ ಕಣ್ಣಮುಂದೆ ಬಂದು ನಿಂತಿತು. ಆತನ ಹೆಸರು ಬಿಗ್ ಬಿಲ್ ಬ್ರೂಂಜಿ. ಕಪ್ಪು ಜನರ ‘ಬ್ಲೂಸ್’ ಎಂಬ ಸಂಗೀತ ಪ್ರಕಾರದಲ್ಲಿ ಆತ ದೊಡ್ಡ ಹೆಸರು. ಗುಲಾಮಗಿರಿ ಕಾನೂನಿನಲ್ಲಿ 1865ಕ್ಕೆ ಮುಗಿದರೂ ಬದುಕಿನಲ್ಲಿ ಮುಗಿಯದೆ ಉಳಿದಿದ್ದ ದಕ್ಷಿಣದ ಹತ್ತಿಯ ಸೀಮೆಯಲ್ಲಿ, ದುಡಿಮೆಯ ಹಾಡು, ದೇವರ ಹಾಡು, ಒಂಟಿತನದ ಕೊರಗು ಎಲ್ಲ ಬೆರೆತು ಹುಟ್ಟಿದ ಸಂಗೀತ ಅದು. ಪಾಲಿಗೆ ಬೇಸಾಯ ಮಾಡುವ ಮನೆತನದಲ್ಲಿ ಬೆಳೆದ ಬ್ರೂಂಜಿ ಮೊದಲು ನುಡಿಸಿದ್ದು ಪಿಟೀಲನ್ನು. ಮುಂದೆ ಉತ್ತರದ ಷಿಕಾಗೊ ನಗರವನ್ನು ಸೇರಿ, ಗಿಟಾರಿನಲ್ಲಿ ಪಳಗಿ, 1930ರ ದಶಕದಲ್ಲಿ ಹಾಡಿನ ಮೇಲೆ ಹಾಡು ಧ್ವನಿಮುದ್ರಿಸಿದ. ಪಿಯಾನೊ, ಡೋಲು, ತುತ್ತೂರಿಗಳ ಮೇಳ ಅವನ ಬೆನ್ನಿಗಿತ್ತು. ಒಳ್ಳೆಯ ಉಡುಪು ತೊಟ್ಟ ನಗರದ ಕಲಾವಿದ ಆತ. ಅವನ ಕೇಳುಗರೂ ಅವನಂತೆಯೇ ಹಳ್ಳಿ ಬಿಟ್ಟು ನಗರ ಸೇರಿದ್ದ ಕಪ್ಪು ಜನ.

1938ರ ಡಿಸೆಂಬರ್ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಎಂಬ ಪ್ರಸಿದ್ಧ ಸಭಾಂಗಣದಲ್ಲಿ ಜಾನ್ ಹ್ಯಾಮಂಡ್ ಎಂಬ ರಸಿಕ ಕಪ್ಪು ಜನರ ಸಂಗೀತದ ಒಂದು ದೊಡ್ಡ ಕಚೇರಿಯನ್ನು ಏರ್ಪಡಿಸಿದ. ಹಳ್ಳಿಯ ಬ್ಲೂಸ್ ಹಾಡಲು ಆತ ಬಯಸಿದ್ದ ರಾಬರ್ಟ್ ಜಾನ್ಸನ್ ಎಂಬ ತರುಣ ಅದೇ ಆಗಸ್ಟಿನಲ್ಲಿ ತೀರಿಕೊಂಡಿದ್ದ. ಆ ಸ್ಥಾನಕ್ಕೆ ಬ್ರೂಂಜಿಯನ್ನು ಕರೆಸಿದರು. ಸಭಿಕರಿಗೆ ಅವನನ್ನು ಪರಿಚಯಿಸಿದ್ದು ಮಾತ್ರ ಷಿಕಾಗೊದ ನುರಿತ ಗಾಯಕನೆಂದಲ್ಲ. ಅರ್ಕನ್ಸಾ ಸೀಮೆಯ ಹೊಲದಿಂದ ಬಂದ ರೈತನೆಂದು! ಸಭೆಗೆ ಬೇಕಾಗಿದ್ದುದು ಹಳ್ಳಿಗ. ಬ್ರೂಂಜಿ ಹಳ್ಳಿಗನಾದ.

ಅಲ್ಲಿಂದ ಮುಂದೆ ಅವನ ಬಾಳಿಗೆ ಬೇರೆ ತಿರುವು ಬಂತು. ಎರಡನೆಯ ಮಹಾಯುದ್ಧದ ತರುವಾಯ ತರುಣ ಪೀಳಿಗೆ ಅವನ ಬಗೆಯ ಬ್ಲೂಸನ್ನು ಬಿಟ್ಟು ಮುಂದೆ ಸಾಗಿತು. ಜೀವನೋಪಾಯಕ್ಕಾಗಿ ಆತ ಅಯೋವ ರಾಜ್ಯದ ಒಂದು ವಿದ್ಯಾಲಯದಲ್ಲಿ ಜವಾನನಂತೆ ಗುಡಿಸಿ ಒರೆಸುವ ಕೆಲಸವನ್ನೂ ಮಾಡಿದ. ಆ ಹೊತ್ತಿಗೆ ಕೈಹಿಡಿದದ್ದು ಜಾನಪದ ಸಂಗೀತದ ವೇದಿಕೆ. ಮೇಳವನ್ನು ಬಿಟ್ಟು, ಒಂಟಿ ಗಿಟಾರು ಹಿಡಿದು, ತಾನು ಹಿಂದೆ ಧ್ವನಿಮುದ್ರಿಸದಿದ್ದ ದುಡಿಮೆಯ ಹಾಡುಗಳನ್ನೂ ಹಳೆಯ ಭಕ್ತಿಗೀತೆಗಳನ್ನೂ ಸೇರಿಸಿಕೊಂಡು, 1951ರಿಂದ ಯೂರೋಪಿನಲ್ಲಿ ಹಾಡಿದ. ಅಲ್ಲಿಯ ಜನ ಅವನನ್ನು ತಲೆಯ ಮೇಲೆ ಹೊತ್ತರು. ಅವನ ಆತ್ಮಕಥೆ 1955ರಲ್ಲಿ ಪ್ರಕಟವಾಯಿತು. 1958ರಲ್ಲಿ ಆತ ತೀರಿಕೊಂಡ.

ಈ ವೃತ್ತಾಂತವನ್ನು ಓದಿದವರು ಒಡನೆಯೇ ಒಂದು ತೀರ್ಪಿಗೆ ಬರುವುದುಂಟು: ಪಾಪ, ಹೊಟ್ಟೆಪಾಡಿಗಾಗಿ ವೇಷ ಹಾಕಿದ ಎಂದು. ನನಗೆ ಹಾಗೆ ತೋರುವುದಿಲ್ಲ. ಬ್ರೂಂಜಿ ಹಾಡಿದ ಹಳ್ಳಿ ಸುಳ್ಳಲ್ಲ; ಅವನು ಅಲ್ಲಿಂದಲೇ ಬಂದವನು. ಸುಳ್ಳಾದದ್ದು, ಅವನು ಅಲ್ಲಿಂದ ಬಂದೇ ಇಲ್ಲ, ಇನ್ನೂ ಅಲ್ಲೇ ಇದ್ದಾನೆ ಎಂದು ನಂಬಬಯಸಿದ ಸಭಿಕರ ಕಣ್ಣು. ಅಲ್ಲದೆ ಆ ವೇದಿಕೆ ಅವನಿಂದ ಪಡೆದದ್ದಷ್ಟೇ ಅಲ್ಲ, ಅವನಿಗೆ ಕೊಟ್ಟದ್ದೂ ಉಂಟು. ಮೈಬಣ್ಣದ ಮೇಲೆ ಮನುಷ್ಯರನ್ನು ವಿಂಗಡಿಸುವ ಅನ್ಯಾಯವನ್ನು ಕುರಿತು ಆತ ಒಂದು ಹಾಡು ಕಟ್ಟಿದ್ದ. ತನ್ನ ದೇಶದ ಕಂಪನಿಗಳು ಅದನ್ನು ಮುದ್ರಿಸಲು ಒಪ್ಪಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. 1951ರಲ್ಲಿ ಪ್ಯಾರಿಸಿನಲ್ಲಿ ಅದರ ಧ್ವನಿಮುದ್ರಣವಾಯಿತು. ಕುಣಿಯಲು ಬಂದ ಜನರ ಮುಂದೆ ಹಾಡಲಾಗದ್ದನ್ನು ಆತ ಕೇಳಲು ಬಂದ ಜನರ ಮುಂದೆ ಹಾಡಿದ.

ಆ ಪುಟಗಳನ್ನು ಮುಚ್ಚಿಟ್ಟ ಮೇಲೆ ನನಗೆ ನಾಚಿಕೆಯಾಯಿತು. ಗಡಿಯಾರ ಬಿಚ್ಚು ಎಂದವನು ನಾನು. ಹತ್ತು ನಿಮಿಷವಾಯಿತೆಂದು ಅದೇ ಗಡಿಯಾರವನ್ನು ಹಿಡಿದು ತೋರಿಸಿದವನೂ ನಾನು. ಕಾಲವಿಲ್ಲದ ಹಳ್ಳಿಗನಾಗಿ ಕಾಣು, ಆದರೆ ನಮ್ಮ ಕಾಲದ ಲೆಕ್ಕಕ್ಕೆ ಸರಿಯಾಗಿ ಮುಗಿಸು. ಜಾನಪದ ಕಲಾವಿದರನ್ನು ನಾವು ಇಂದಿಗೂ ಕೇಳುತ್ತಿರುವುದು ಇದನ್ನೇ ಅಲ್ಲವೆ?

ಆ ಮೊಮ್ಮಗನನ್ನು ಮತ್ತೆ ಕಂಡದ್ದು ಮೈಸೂರಿನಲ್ಲಿ, ಒಂದು ಉತ್ಸವದ ಸಂದರ್ಭದಲ್ಲಿ. ಅವನೀಗ ತನ್ನದೇ ತಂಡ ಕಟ್ಟಿದ್ದ. ದೂರದ ಊರುಗಳಿಗೂ ಹೋಗಿಬರುತ್ತಿದ್ದ. ನಾನು ಹಳೆಯ ಮೇಷ್ಟರ ಚಾಳಿಯಂತೆ, “ತಾತನ ಕಾಲದ ಭಕ್ತಿ ಈ ಮೆರವಣಿಗೆಯಲ್ಲಿ ಉಳಿದೀತೇನಪ್ಪ?” ಎಂದು ಕೇಳಿದೆ. ಅವನು ನಕ್ಕು ಹೇಳಿದ: “ನಮ್ ತಾತ ಬಾಗ್ಲಾಚೆ ನಿಂತ್ಕಂಡು ಹಾಡ್ತಿದ್ದ ಮೇಷ್ಟ್ರೇ. ಎಷ್ಟೋ ಮನೇಲಿ ಜಗಲಿ ಮೇಕೂ ಅತ್ತುಸ್ತಿರನಿಲ್ಲ. ನನ್ನ ಒಳಿಕ್ ಕರ್ದು ಕುರ್ಚಿ ಹಾಕ್ತಾರೆ. ನೀವು ಅದನ್ನೂವೆ ಲೆಕ್ಕುಕ್ ತಕಬೇಕು.”

ಅವನ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಮ್ಮ ಮನೆಯ ಜಗಲಿಯನ್ನು ನಾನು ಎಷ್ಟು ಪ್ರೀತಿಯಿಂದ ನೆನೆಯುತ್ತೇನೋ, ಆ ಜಗಲಿಯ ಅಂಚಿನಲ್ಲಿ ಯಾರು ಕುಳಿತಿದ್ದರು, ಯಾರು ಕೆಳಗೆ ನಿಂತಿದ್ದರು ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ನೆನೆಯಬೇಕಾಗುತ್ತದೆ. ಹಳೆಯದು ಪವಿತ್ರ, ವೇದಿಕೆ ವ್ಯಾಪಾರ ಎಂದು ಹೇಳುವವರು ಸಾಮಾನ್ಯವಾಗಿ ಜಗಲಿಯ ಮೇಲೆ ಕುಳಿತಿದ್ದವರ ಮಕ್ಕಳು. ಕುರ್ಚಿ, ಸಂಭಾವನೆ, ಹೆಸರು ಇವು ಕಲಾವಿದನಿಗೆ ಸಲ್ಲಬೇಕಾದವು. ತಡವಾಗಿ ಸಂದಿವೆ, ಅಷ್ಟೆ. ಮೋಟಾರು ರಿಪೇರಿ ಮಾಡುವ ಕೈ ಕಂಸಾಳೆ ಹಿಡಿಯಬಾರದೆಂಬ ಶಾಸ್ತ್ರವೂ ಇಲ್ಲ. ಗುಡ್ಡನ ಮೈಮೇಲೆ ವ್ರತದ ಉಡುಪಿರುವುದು ಅವನ ಇಷ್ಟ, ಅವನ ನಂಬಿಕೆ. ನಮ್ಮ ಕಣ್ಣಿಗೆ ಹಬ್ಬವಾಗಲೆಂದು ಅವನಿಗೆ ಬಡತನದ ವೇಷ ತೊಡಿಸುವ ಹಕ್ಕು ಸಂಘಟಕರಿಗಾಗಲಿ ಉಪಾಧ್ಯಾಯರಿಗಾಗಲಿ ಇಲ್ಲ.

ನನ್ನ ಆಕ್ಷೇಪಣೆ ವೇದಿಕೆಯ ಮೇಲಲ್ಲ. ಕಥೆಯನ್ನು ಕೆಳಗಿಳಿಸಿ ಕುಣಿತವನ್ನಷ್ಟೇ ಮೇಲೆ ಹತ್ತಿಸಿದ್ದೇವಲ್ಲ, ಅದರ ಮೇಲೆ. ಬೀಸುಕಂಸಾಳೆ ನೋಡಲು ಅಂದ, ಭಾಷೆ ಬಾರದವನಿಗೂ ಹಿಡಿಸುತ್ತದೆ, ಹತ್ತು ನಿಮಿಷಕ್ಕೆ ಚೆನ್ನಾಗಿ ಹೊಂದುತ್ತದೆ. ಆದಕಾರಣ ಮೆರವಣಿಗೆ, ಉದ್ಘಾಟನೆ, ಅತಿಥಿಗಳ ಸ್ವಾಗತ ಎಲ್ಲಕ್ಕೂ ಅದೇ ಬೇಕು. ಇದರಿಂದ ಏನಾಯಿತೆಂದರೆ, ಕುಣಿಯಬಲ್ಲ ತರುಣರು ನೂರಾರು ಮಂದಿ ತಯಾರಾದರು. ಒಂದು ಸಾಲನ್ನು ಆದಿಯಿಂದ ಅಂತ್ಯದವರೆಗೆ ಹಾಡಬಲ್ಲವರು ವಿರಳವಾದರು. ಕೇಳುವವರಿಲ್ಲದ ಕಥೆಯನ್ನು ಯಾವ ಹುಡುಗ ರಾತ್ರಿಗಟ್ಟಲೆ ಕುಳಿತು ಬಾಯಿಗೆ ಹಾಕಿಕೊಂಡಾನು? ಈ ಒಂದು ವಿಷಯದಲ್ಲಿ, ನಾವು ಸಾಮಾನ್ಯವಾಗಿ ಮೂಗು ಮುರಿಯುವ ಕ್ಯಾಸೆಟ್ಟು ನಮ್ಮ ಉತ್ಸವಗಳಿಗಿಂತ ಉದಾರಿಯಾಗಿತ್ತು. ಒಂದು ಮಗ್ಗುಲಿಗೆ ಅರ್ಧ ಗಂಟೆ, ತಿರುವಿ ಹಾಕಿದರೆ ಇನ್ನೊಂದು ಅರ್ಧ ಗಂಟೆ. ಕಾಳಮ್ಮನ ಕಥೆ ಮುಗಿಯಲಿ ಎಂದು ತಮ್ಮ ನಿಲ್ದಾಣದಲ್ಲಿ ಇಳಿಯಲು ಹಿಂದುಮುಂದು ನೋಡುತ್ತಿದ್ದ ಪ್ರಯಾಣಿಕರನ್ನು ನಾನು ಬಸ್ಸಿನಲ್ಲಿ ಕಂಡಿದ್ದೇನೆ. ಕಂಡಕ್ಟರು ಮಾತ್ರ ಕೂಗಾಡುತ್ತಿದ್ದ.

ಸಂಗೀತ ಕಚೇರಿಗೆ ಮೂರು ಗಂಟೆ ಕೊಡುತ್ತೇವೆ. ಯಕ್ಷಗಾನಕ್ಕೆ ಇರುಳನ್ನೇ ಕೊಟ್ಟಿದ್ದೆವು. ಮಾದಪ್ಪನ ಕಥೆಯ ಒಂದು ಸಾಲಿಗೆ ಎರಡು ಗಂಟೆ ಕೊಡಲು ನಮಗೇಕೆ ಕೈ ಬಾರದು? ಶಾಲೆಯ ವರ್ಷದಲ್ಲಿ ಒಂದೇ ಒಂದು ಸಂಜೆ, ಭಾಷಣವಿಲ್ಲದೆ, ಅತಿಥಿಗಳಿಲ್ಲದೆ, ಒಬ್ಬ ಹಾಡುಗಾರ ಮತ್ತು ಕೇಳುವ ಮಕ್ಕಳು. ಅರ್ಥವಾಗದ ಮಾತುಗಳು ಬರುತ್ತವೆ, ಬರಲಿ. ಸಂಕಮ್ಮ ಆಣೆಯನ್ನು ಏಕೆ ಒಲ್ಲೆನೆಂದಳು ಎಂಬುದು ಅರ್ಥವಾಗದ ಹೆಣ್ಣುಮಗಳು ನನ್ನ ತರಗತಿಯಲ್ಲಿ ಒಬ್ಬಳೂ ಇರಲಿಲ್ಲವೆಂದು ನಾನು ಬಲ್ಲೆ. ಆ ಸಂಜೆ ಅವರ ಮುಖಗಳನ್ನು ನೋಡಿದ್ದೇನೆ. ಸಮಯದ ಅಭಾವವೆಂದು ಹೇಳುವವರಿಗೆ ನನ್ನ ಉತ್ತರ ಇಷ್ಟೆ: ಆ ದಿನ ಮುಖ್ಯ ಅತಿಥಿಗಳ ಭಾಷಣ ಐವತ್ತು ನಿಮಿಷ ನಡೆದಿತ್ತು. ಅವರಿಗೆ ಯಾರೂ ಗಡಿಯಾರ ತೋರಿಸಲಿಲ್ಲ.

ವಾರ್ಷಿಕೋತ್ಸವದ ಮರುದಿನ ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ನಮ್ಮ ಮನೆಯ ಮುಂದೆ ಕಂಸಾಳೆಯ ಸದ್ದಾಯಿತು. ಸೋಮವಾರವಲ್ಲ. ಬಾಗಿಲು ತೆರೆದರೆ ಗುಡ್ಡಪ್ಪ, ಒಬ್ಬನೇ. ಸಂಭಾವನೆ ಸಾಲದೆ ಬಂದನೋ ಎಂದು ಒಳಗೊಳಗೇ ಅಳುಕಿದೆ. ಹುಡುಗನ ವಾಚು ನನ್ನ ಜೇಬಿನಲ್ಲಿಯೇ ಉಳಿದುಬಿಟ್ಟದ್ದು ನೆನಪಾಗಿ, ಅದಕ್ಕಾಗಿಯೇ ಬಂದಿರಬೇಕೆಂದುಕೊಂಡು ಒಳಗಿನಿಂದ ತಂದುಕೊಟ್ಟೆ. ಆತ ಅದನ್ನು ಜೋಳಿಗೆಗೆ ಹಾಕಿಕೊಂಡನೇ ಹೊರತು ಹೊರಡಲಿಲ್ಲ.

“ಸಂಕಮ್ಮನ ನಿಮ್ ಇಸ್ಕೂಲಲ್ಲೇ ಕೂಡಾಕ್ಬುಟ್ಟು ಬಂದಿವ್ನಿ ಮೇಷ್ಟ್ರೇ” ಎಂದ. “ರಾತ್ರೆಲ್ಲ ನಿದ್ದೆ ಬರ್ನಿಲ್ಲ. ಕಟ್ಟಾಕ್ದವ್ರು ಬುಡಿಸ್ದೆ ವೋಗ್ಬಾರ್ದು.”

ಆತ ಕೆಳಗೆ ನಿಂತೇ ಹಾಡಲು ಅನುವಾದ. ಅವ್ವ ಒಳಗಿನಿಂದ ಬಂದು ಚಾಪೆ ತಂದು ಜಗಲಿಯ ಮೇಲೆ ಹಾಸಿ, “ಮ್ಯಾಕ್ ಬಂದು ಕುಂತ್ಕಳಿ ಗುಡ್ಡಪ್ಪ” ಎಂದಳು. ನನಗೆ ತಿಳಿದಂತೆ ಅವಳು ಯಾವ ಗುಡ್ಡಪ್ಪನಿಗೂ ಈ ಮಾತು ಹೇಳಿದ್ದು ಅದೇ ಮೊದಲು. ಆತ ಸ್ವಲ್ಪ ಹೊತ್ತು ಅನುಮಾನಿಸಿ, ಮೇಲೆ ಬಂದು ಕುಳಿತು, ಹಿಂದಿನ ಸಂಜೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಎತ್ತಿಕೊಂಡ. ಕಟ್ಟಿನೊಳಗೆ ನರಳುತ್ತಿದ್ದ ಸಂಕಮ್ಮ ಮಾದಪ್ಪನಿಗೆ ಮೊರೆಯಿಟ್ಟಳು. ಮಾದಪ್ಪ ಜಂಗಮನ ರೂಪದಲ್ಲಿ ಬಂದ. ಮಾಟದ ಕಟ್ಟುಗಳು ಒಂದೊಂದಾಗಿ ಕಳಚಿದವು. ಮಕ್ಕಳ ಫಲ ದೊರೆಯಿತು. ಕಾರಯ್ಯ ಬಿಲ್ಲಯ್ಯ ಎಂಬ ಅವಳಿ ಮಕ್ಕಳು ಹುಟ್ಟಿದರು. ಬೀದಿಯ ಹೆಂಗಸರು ಕೊಡ ಹೊತ್ತುಕೊಂಡೇ ನಿಂತು ಕೇಳಿದರು. ಶಾಲೆಗೆ ಹೊರಟಿದ್ದ ನನ್ನ ತರಗತಿಯ ನಾಲ್ಕೈದು ಹೆಣ್ಣುಮಕ್ಕಳು ಎದುರುಮನೆಯ ಗೋಡೆಗೆ ಒರಗಿ, ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಗಂಟೆ ಬಾರಿಸಿದ್ದು ದೂರದಿಂದ ಕೇಳಿಸಿತು. ಅವರು ನನ್ನ ಕಡೆ ನೋಡಿದರು. ನಾನು ಗುಡ್ಡಪ್ಪನ ಕಡೆ ನೋಡಿದೆ.

ಆ ದಿನ ನಾವೆಲ್ಲರೂ ಶಾಲೆಗೆ ತಡವಾಗಿ ಹೋದೆವು.